ಅಳೆಯದೆ ತಿರುಗಿಸಬೇಡಿ

ಪೆರಾಬೆಯ ತೋಟದ ದಾರಿಗಳಿಗೆಂದು ಬೈಕಿನ ಸಸ್ಪೆನ್ಷನ್ನನ್ನು ಮನೆಯಂಗಳದಲ್ಲೇ ಬಿಗಿಗೊಳಿಸುವ ಶಿಷ್ಯಮಿತ್ರರೇ, ಬಿಗಿ ಮಾಡಿದ್ದೆಲ್ಲ ಸುಧಾರಣೆಯಲ್ಲ. ಹುಕ್‌ನ ನಿಯಮವನ್ನು ನೆನಪಿಸಿಕೊಳ್ಳಿ. ಪ್ರಿಲೋಡ್ ಹೆಚ್ಚಿಸಿದರೆ ಸ್ಪ್ರಿಂಗಿನ ಗಡಸುತನ ಬದಲಾಗದು. ಸವಾರನ ಭಾರಕ್ಕೆ ಬೈಕು ತಗ್ಗುವ ಪ್ರಮಾಣವಷ್ಟೇ ಕುಗ್ಗುತ್ತದೆ. ಆಗ ಹೊಂಡಕ್ಕಿಳಿಯಲು ಅವಕಾಶವಿಲ್ಲದ ಚಕ್ರ ನೆಲದ ಹಿಡಿತ ಬಿಡುತ್ತದೆ. ಮಳೆಗಾಲದ ಜಾರುಮಣ್ಣಿನಲ್ಲಿ ಇದು ಪ್ರಾಣಕ್ಕೇ ಸಂಚಕಾರ.

ಹೀರೋ ಎಕ್ಸ್‌ಪಲ್ಸ್ 200ರ ಹಿಂಚಕ್ರದ ಚಲನೆ 170 ಮಿ.ಮೀ. ಸವಾರ ಕುಳಿತಾಗ ಅದರ ಸುಮಾರು ಮೂರರಲ್ಲೊಂದು ಪಾಲು, ಅಂದರೆ 55 ಮಿ.ಮೀ.ನಷ್ಟು ತಗ್ಗುವುದು ಹದ. ಚಕ್ರವನ್ನು ನೆಲದಿಂದೆತ್ತಿ, ಅದರ ಅಚ್ಚಿನಿಂದ ಸೀಟಿನವರೆಗೆ ಟೇಪಿನಿಂದ ಅಳೆಯಿರಿ. ಬಳಿಕ ಬೈಕಿನ ಮೇಲೆ ಕುಳಿತು ಇನ್ನೊಬ್ಬರಿಂದ ಅಳೆಯಿಸಿರಿ. ವ್ಯತ್ಯಾಸವೇ ಉತ್ತರ. ತಾಯಿಯನ್ನು ಹಿಂದೆ ಕೂರಿಸಿಕೊಂಡು ಕಡಬ ಪೇಟೆಗೆ ಹೋಗುವುದಿದ್ದರೆ ಅವರ ಭಾರವೂ ಲೆಕ್ಕಕ್ಕೆ ಬರಲಿ.

ಇಷ್ಟು ಮನೆಯಲ್ಲೇ ಸಾಧ್ಯ. ಒತ್ತಡದ ಅನಿಲ ತುಂಬಿದ ಡ್ಯಾಂಪರನ್ನು ಮಾತ್ರ ಬಿಚ್ಚಬೇಡಿ. ಅದು ನುರಿತ ಮೆಕ್ಯಾನಿಕ್‌ನ ಕೆಲಸ.