ಪಡಸಾಲೆಗೆ ಬಂದು ಕುಳಿತ ಕಚೇರಿ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಜಾರಿಯಾದಾಗ ಬೆಂಗಳೂರಿನ ಐಟಿ ಕಚೇರಿಗಳ ಕೆಲಸ ಉದ್ಯೋಗಿಗಳ ಮನೆಗೆ ಸ್ಥಳಾಂತರಗೊಂಡಿತು. ಅದೇ ನವೆಂಬರ್‌ನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಬಿಪಿಒ ನಿಯಮಗಳನ್ನು ಸಡಿಲಿಸಿತು. ಸೋಂಕು ತಗ್ಗಿದ ಮೇಲೂ ವಾರದಲ್ಲಿ ಕೆಲವು ದಿನ ಮನೆಯಿಂದಲೇ ದುಡಿಯುವ ಪದ್ಧತಿ ಅನೇಕ ಸಂಸ್ಥೆಗಳಲ್ಲಿ ಉಳಿದಿದೆ.

ಪಡಸಾಲೆಯಲ್ಲಿ ಕಚೇರಿ ನಡೆಯುವುದು ನಾಡಿಗೆ ಹೊಸತಲ್ಲ. ಶಾನುಭೋಗರು ಲೆಕ್ಕ ಬರೆದದ್ದು, ವಕೀಲರು ಕಕ್ಷಿದಾರರನ್ನು ಕಂಡದ್ದು ಅಲ್ಲಿಯೇ. ಆದರೆ ಆ ಮನೆಗಳಲ್ಲಿ ಪಡಸಾಲೆಯ ಹಿಂದೆ ನಡುಮನೆಯಿತ್ತು. ಸಂಸಾರ ಅಲ್ಲಿ ಸಾಗುತ್ತಿತ್ತು. ಎರಡು ಕೋಣೆಗಳ ಫ್ಲ್ಯಾಟ್‌ನಲ್ಲಿ ಟಿವಿ, ಊಟ, ಮಕ್ಕಳ ಓದು ಎಲ್ಲಕ್ಕೂ ಹಾಲ್ ಒಂದೇ.

ಮೇಜನ್ನು ಕಿಟಕಿಯ ಪಕ್ಕಕ್ಕೆ ಅಡ್ಡಲಾಗಿಟ್ಟರೆ ಪರದೆಯ ಮೇಲೆ ಬೆಳಕು ಹೊಳೆಯದು. ಬೆನ್ನು ಗೋಡೆಗಿದ್ದರೆ ಮನೆಮಂದಿ ಕ್ಯಾಮೆರಾಕ್ಕೆ ಸಿಲುಕರು. ಇದು ಸುಲಭದ ಭಾಗ. ಮೀಟಿಂಗ್ ಮುಗಿಯುವವರೆಗೆ ಮಿಕ್ಸಿ ನಿಲ್ಲಿಸಬೇಕಾದ ಗೃಹಿಣಿಯ, ಧಾರಾವಾಹಿಯ ಸದ್ದಡಗಿಸಿ ಕೂರುವ ಹಿರಿಯರ ಪಾಡು ಯಾವ ಪೀಠೋಪಕರಣದಿಂದಲೂ ಬಗೆಹರಿಯದು. ಕುರ್ಚಿ, ಇಂಟರ್‌ನೆಟ್ ವೆಚ್ಚವನ್ನು ಕೆಲವು ಸಂಸ್ಥೆಗಳು ಭರಿಸಿದ್ದುಂಟು. ಹಾಲ್‌ನ ಬಾಡಿಗೆ, ಯುಪಿಎಸ್ ಬ್ಯಾಟರಿ, ಹಗಲಿಡೀ ತಿರುಗುವ ಫ್ಯಾನಿನ ಬಿಲ್ ಮಾತ್ರ ಸಾಮಾನ್ಯವಾಗಿ ಕುಟುಂಬದ ಲೆಕ್ಕಕ್ಕೇ ಸೇರುತ್ತಿವೆ.