ಮೊದಲು ಚಪ್ಪಾಳೆ, ಆಮೇಲೆ ಮದ್ದಳೆ

ಪತ್ತನಾಜೆ ಕಳೆದು ಮೇಳಗಳ ಕಲಾವಿದರು ಗೆಜ್ಜೆ ಬಿಚ್ಚಿ ಮನೆ ಸೇರುವ ಹೊತ್ತಿಗೆ ಸರಿಯಾಗಿ ನಮ್ಮ ಕಾಸರಗೋಡು ಜಿಲ್ಲೆಯ ಅಂಗನವಾಡಿಗಳಿಗೂ ಶಾಲೆಗಳಿಗೂ ಹೊಸ ಮಕ್ಕಳು ಬರುತ್ತಾರೆ. ಒಂದು ಕಡೆ ಮಳೆಗಾಲ ಮುಗಿಯುವುದನ್ನೇ ಕಾಯುತ್ತ ಮೂಲೆ ಸೇರಿದ ಮದ್ದಳೆ. ಇನ್ನೊಂದು ಕಡೆ ಬಟ್ಟಲು, ಮಣೆ, ಬಾಗಿಲು ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದು ಸದ್ದು ಮಾಡುವ ಮೂರು ನಾಲ್ಕು ವರ್ಷದ ಪುಟಾಣಿಗಳು. ಇವೆರಡನ್ನೂ ಒಂದು ಚಾಪೆಯ ಮೇಲೆ ಕೂರಿಸುವ ಬಗ್ಗೆ ಸಂಬಂಧಪಟ್ಟವರು ಇನ್ನೂ ಗಂಭೀರವಾಗಿ ಯೋಚಿಸಿದಂತಿಲ್ಲ.

ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆಯಾಗಿದೆ ಎಂಬುದು ನಮಗೆಲ್ಲ ಹೆಮ್ಮೆಯ ವಿಚಾರವೇ. ಆದರೆ ಸ್ಪರ್ಧೆ ಬಂದಲ್ಲಿ ಅವಸರವೂ ಬರುತ್ತದೆ. ಮಗುವಿಗೆ ತಾಳ ಕಲಿಸಬೇಕೆಂದು ಬರುವ ಕೆಲವು ತಂದೆತಾಯಿಗಳು ಮೊದಲು ಕೇಳುವ ಪ್ರಶ್ನೆ, "ರಂಗಸ್ಥಳಕ್ಕೆ ಯಾವಾಗ ಏರಿಸುತ್ತೀರಿ?" ಎಂಬುದು. ನಾಲ್ಕು ವರ್ಷದ ಮಗುವಿನ ಕೊರಳಿಗೆ ಚೆಂಡೆ ತೂಗುಹಾಕಿ ಫೋಟೋ ತೆಗೆಸುವುದು ಸುಲಭ. ಅದರ ಭಾರವನ್ನು ಮಗು ಹೊರಲಾರದು. ಮುಚ್ಚಿದ ಕೋಣೆಯಲ್ಲಿ ಅದರ ಅಬ್ಬರವನ್ನು ಎಳೆಯ ಕಿವಿ ತಾಳಲಾರದು. ಮದ್ದಳೆ ಕೈಯಲ್ಲಿ ನುಡಿಸುವ ವಾದ್ಯವಾದರೂ ಅದರ ಬಿಗಿದ ಬಲಮುಖದಲ್ಲಿ ಸರಿಯಾದ ನಾದ ಹೊರಡಿಸಲು ಬಲಿತ ಬೆರಳು ಬೇಕು. ಚರ್ಮ ಮುಟ್ಟುವುದಕ್ಕೆ ಮುಂಚೆ ವರ್ಷಗಟ್ಟಲೆ ಮಾಡಬೇಕಾದ ಕೆಲಸ ಬೇರೆಯೇ ಇದೆ, ಮತ್ತು ಅದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

ತಾಳದ ಮೊದಲ ವಾದ್ಯ ಬಾಯಿ, ಎರಡನೆಯದು ಅಂಗೈ, ಮೂರನೆಯದು ತೊಡೆ. ತಕಿಟ ಎಂದರೆ ಮೂರು, ತಕಧಿಮಿ ಎಂದರೆ ನಾಲ್ಕು, ತಕತಕಿಟ ಎಂದರೆ ಐದು. ಇದನ್ನು ಲೆಕ್ಕವಾಗಿ ಹೇಳಿದರೆ ಮಗು ಆಕಳಿಸುತ್ತದೆ. "ಅಡಿಕೆ" ಎಂದು ಮೂರು, "ಹಲಸಿನ" ಎಂದು ನಾಲ್ಕು, "ಅವಲಕ್ಕಿ" ಎಂದು ಐದು ಮಾತ್ರೆ ಹೇಳಿಸಿ ನೋಡಿ, ಕೈ ತಾನಾಗಿ ಏಳುತ್ತದೆ. "ಅಡಿಕೆ ತೋಟದ, ಅಡಿಕೆ ತೋಟದ" ಎಂದು ಚಪ್ಪಾಳೆ ಹಾಕುವ ಮಗು ಮೂರು ನಾಲ್ಕರ ಆ ನಡೆಯಲ್ಲಿ ತನಗರಿವಿಲ್ಲದೆಯೇ ಭಾಮಿನಿ ಷಟ್ಪದಿಯ ಅಂಗಳಕ್ಕೆ ಕಾಲಿಟ್ಟಿರುತ್ತದೆ. ಕುಮಾರವ್ಯಾಸನ ಭಾರತ ನಡೆದದ್ದೂ ಅದೇ ಮೂರು ನಾಲ್ಕರ ಹೆಜ್ಜೆಯಲ್ಲಿ. ಬಳೆಗೆ ಎರಡು ಮಾತ್ರೆ, ಬಾಳೆಗೆ ಮೂರು. ಕತೆಗೆ ಎರಡು, ಕತ್ತೆಗೆ ಮೂರು. ಕತೆಯನ್ನೂ ಕತ್ತೆಯನ್ನೂ ಅಂಗೈಯಲ್ಲಿ ಬೇರೆ ಮಾಡಲು ಕಲಿತ ಮಗುವಿಗೆ ಮುಂದೆ ದೀರ್ಘವನ್ನೂ ಒತ್ತಕ್ಷರವನ್ನೂ ಬೆತ್ತ ಹಿಡಿದು ಕಲಿಸಬೇಕಾಗಿ ಬರಲಾರದು.

ಇಲ್ಲಿ ದೊಡ್ಡವರು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. ತಮ್ಮ ನಿಧಾನಕ್ಕೆ ಮಗುವನ್ನು ಎಳೆಯುತ್ತಾರೆ. ಸಣ್ಣ ಮಕ್ಕಳ ಸಹಜ ಬಡಿತ ದೊಡ್ಡವರದಕ್ಕಿಂತ ಚುರುಕು. ವಿಳಂಬ ಕಾಲದಲ್ಲಿ ಎರಡು ಪೆಟ್ಟುಗಳ ನಡುವೆ ಸುಮ್ಮನೆ ಕಾಯುವುದು ಆ ವಯಸ್ಸಿಗೆ ಕಷ್ಟದ ಕೆಲಸ. ಮೊದಲು ಗುರು ಮಗುವಿನ ಓಟಕ್ಕೆ ಸೇರಿಕೊಳ್ಳಬೇಕು. ಆಮೇಲೆ ಮೆಲ್ಲಮೆಲ್ಲನೆ ಮಗು ಗುರುವಿನ ನಡಿಗೆಗೆ ಬಂದೀತು.

ಮೊಬೈಲಿನಲ್ಲಿ ತಾಳ ಹಾಕಿಕೊಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕಿರ್ಶ್ನರ್ ಮತ್ತು ಟೊಮಸೆಲ್ಲೋ ಎಂಬ ವಿದ್ವಾಂಸರು ಎರಡೂವರೆಯಿಂದ ನಾಲ್ಕೂವರೆ ವರ್ಷದ ಮಕ್ಕಳಿಂದ ಡೋಲು ಬಡಿಸಿ ನೋಡಿ, 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಹೇಳುತ್ತದೆ. ಧ್ವನಿವರ್ಧಕದ ಸದ್ದಿನೊಂದಿಗೆ, ತಾನಾಗಿ ಬಡಿಯುವ ಯಂತ್ರದೊಂದಿಗೆ, ಎದುರು ಕುಳಿತ ಮನುಷ್ಯನೊಂದಿಗೆ ಹೀಗೆ ಮೂರು ರೀತಿಯಲ್ಲಿ ಮಕ್ಕಳನ್ನು ಪರೀಕ್ಷಿಸಲಾಯಿತು. ಮಕ್ಕಳ ತಾಳ ಹೆಚ್ಚು ಸರಿಯಾಗಿ ಕೂಡಿದ್ದು ಮನುಷ್ಯನೊಂದಿಗೆ. ನಮ್ಮ ಅಜ್ಜಿಯಂದಿರು ಮೊಮ್ಮಗುವನ್ನು ಕಾಲ ಮೇಲೆ ಕೂರಿಸಿ, ಎರಡೂ ಕೈ ಹಿಡಿದು ತೂಗಿ ಹಾಡುತ್ತಿದ್ದುದು ಸುಮ್ಮನೆ ಅಲ್ಲ. ಆ ಅಜ್ಜಿಯ ಕೈಯಲ್ಲಿ ಈಗ ಮೊಬೈಲ್ ಇದೆ, ಮಗುವಿನ ಕೈಯಲ್ಲೂ.

ಗಡಿನಾಡಿನ ನಮಗೆ ಇದು ಬರೀ ಸಂಗೀತದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳುಹಿಸಿದಾಗಲೆಲ್ಲ ನಾವು ಮನವಿ ಸಲ್ಲಿಸಿದ್ದೇವೆ, ಧರಣಿ ಕೂತಿದ್ದೇವೆ. ಅದು ನ್ಯಾಯವಾದುದೇ, ಮುಂದುವರಿಯತಕ್ಕದ್ದೇ. ಆದರೆ ಒಂದನೇ ತರಗತಿಯ ಬಾಗಿಲಿಗೆ ಬರುವ ಮುಂಚಿನ ಮೂರು ವರ್ಷಗಳಲ್ಲಿ ಮಗುವಿನ ಕಿವಿಗೆ ಎಷ್ಟು ಕನ್ನಡ ಬಿದ್ದಿದೆ ಎಂದು ನಾವು ನಮ್ಮನ್ನು ಕೇಳಿಕೊಂಡದ್ದು ಕಡಿಮೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಮರಾಠಿಯೋ ಆಡುವ ಮಗುವಿಗೆ, ಓದು ಬರುವ ಮುಂಚೆ, ಕನ್ನಡ ಬರಬೇಕಾದ ದಾರಿ ಹಾಡು ಮತ್ತು ತಾಳ. ಪಕ್ಕದಲ್ಲಿ ಕುಳಿತ ಮಲೆಯಾಳ ಮನೆಮಾತಿನ ಮಗುವಿಗೂ ತಕಿಟಕ್ಕೆ ಅನುವಾದ ಬೇಡ.

ಇನ್ನೊಂದು ಮಾತು, ಕಹಿಯಾದರೂ ಹೇಳಲೇಬೇಕು. ಚರ್ಮವಾದ್ಯಗಳಲ್ಲೂ ನಾವು ಮೇಲು ಕೀಳು ಮಾಡಿದವರು. ಮದ್ದಳೆಗೆ ರಂಗಸ್ಥಳದಲ್ಲಿ ಸ್ಥಾನ ಕೊಟ್ಟೆವು. ಕೊರಗರ ಡೋಲನ್ನು ಅಂಗಳದ ಹೊರಗೆ ನಿಲ್ಲಿಸಿದೆವು. ಆ ಡೋಲಿಗೆ ಅಂಟಿಕೊಂಡಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ 2000ದಲ್ಲಿ ಕಾನೂನೇ ಬೇಕಾಯಿತು. ಅಂಗನವಾಡಿಯ ಚಾಪೆಗೆ ಡೋಲಿನವರೂ ಬರಲಿ, ದುಡಿಯವರೂ ಬರಲಿ, ದಫ್ಫಿನವರೂ ಬರಲಿ. ಕರೆಯುವಾಗ ಗುರುವೆಂದೇ ಕರೆಯಲಿ. ನಿಜ ಹೇಳುವುದಾದರೆ ಪುಟ್ಟ ಕೈಗೆ ಮದ್ದಳೆಗಿಂತ ಹೊಂದುವುದು ಹಗುರವಾದ, ಅಂಗೈಯಿಂದ ಬಡಿಯುವ ದಫ್ಫೇ. ಅದೂ ಸಿಗದಲ್ಲಿ ಅಡಿಕೆ ಹಾಳೆ ಇದೆ, ಎರಡು ಗೆರಟೆ ಇದೆ, ಬೋರಲು ಹಾಕಿದ ಬಕೆಟ್ ಇದೆ.

ದೇಶದಲ್ಲಿ ಅಂಗನವಾಡಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಆಹಾರ, ಚುಚ್ಚುಮದ್ದುಗಳ ಜತೆಗೆ ಶಾಲಾಪೂರ್ವ ಶಿಕ್ಷಣವೂ ಅದರ ಹೊಣೆ. ಕೇರಳದಲ್ಲಿ ಅಂಗನವಾಡಿಗಳ ಉಸ್ತುವಾರಿಯಲ್ಲಿ ಗ್ರಾಮ ಪಂಚಾಯತುಗಳಿಗೆ ಪಾಲಿದೆ. 1996ರಲ್ಲಿ ಆರಂಭವಾದ ಜನಕೀಯ ಯೋಜನೆಯ ನಂತರ ಸ್ಥಳೀಯ ಅಗತ್ಯಕ್ಕೆ ತಕ್ಕ ಯೋಜನೆ ರೂಪಿಸುವ ಅವಕಾಶವೂ ಇದೆ. ಮಂಜೇಶ್ವರದಿಂದ ಕಾಸರಗೋಡಿನವರೆಗಿನ ಪಂಚಾಯತುಗಳು ಮಳೆಗಾಲದ ನಾಲ್ಕು ತಿಂಗಳು ವಾರಕ್ಕೊಂದು ದಿನ ಅರ್ಧ ಗಂಟೆ ಒಬ್ಬ ಹಿಮ್ಮೇಳದ ಕಲಾವಿದರನ್ನೋ ಡೋಲಿನ ಹಿರಿಯರನ್ನೋ ಗೌರವಧನ ಕೊಟ್ಟು ಅಂಗನವಾಡಿಗೆ ಕರೆಸುವಂತಾಗಲಿ. ಉಳಿದ ದಿನಗಳಲ್ಲಿ ಅದನ್ನೇ ಮುಂದುವರಿಸಲು ಕಾರ್ಯಕರ್ತೆಯರೂ ಜತೆಗೆ ಕುಳಿತು ಕಲಿಯಲಿ. ಅರ್ಧ ಗಂಟೆಗಿಂತ ಹೆಚ್ಚು ಬೇಡ. ಆ ವಯಸ್ಸಿನಲ್ಲಿ ಅಷ್ಟು ಹೊತ್ತು ಕುಳಿತರೇ ದೊಡ್ಡದು. ಪರೀಕ್ಷೆ ಬೇಡ, ಪ್ರಮಾಣಪತ್ರ ಬೇಡ, ವಾರ್ಷಿಕೋತ್ಸವದ ವೇದಿಕೆಯಂತೂ ಬೇಡವೇ ಬೇಡ.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಸಂಕ, ನೀರಿನ ಟಾಂಕಿಗಳ ಬೇಡಿಕೆ ಮುಗಿದ ಮೇಲೆ ನಮ್ಮ ಓದುಗರಲ್ಲಿ ಯಾರಾದರೊಬ್ಬರು ಎದ್ದುನಿಂತು ಈ ಬೇಡಿಕೆಯನ್ನೂ ದಾಖಲೆಗೆ ಸೇರಿಸುವಂತೆ ಕೇಳಬೇಕೆಂದು ನಮ್ಮ ವಿನಂತಿ.