ಕಿವಿಗೆ ಕಾವಲು ಯಾರು?

ಕೃಷ್ಣಾ ನದಿಯ ದಡದಲ್ಲಿರುವ ಶಕ್ತಿನಗರವು ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದಿಂದ ಹೆಸರಾದ ಊರು. 1985ರಲ್ಲಿ ಮೊದಲ ಘಟಕದೊಡನೆ ಪ್ರಾರಂಭವಾದ ಈ ಕೇಂದ್ರದಲ್ಲಿ ಟರ್ಬೈನುಗಳು ನಿಮಿಷಕ್ಕೆ 3,000 ಸುತ್ತು ತಿರುಗುತ್ತವೆ. ಕಲ್ಲಿದ್ದಲನ್ನು ಪುಡಿಮಾಡುವ ಗಿರಣಿಗಳ ಮೊರೆತ ಬೇರೆ. ಇಂತಹ ಯಂತ್ರಗಳ ಬಳಿ ದುಡಿಯುವವನು ಕಿವಿಗೆ ಬೆಣೆಯನ್ನೋ ಮುಚ್ಚಳವನ್ನೋ ಧರಿಸಬೇಕು. ಶಬ್ದ ಒಳಗೆ ಹೋಗದಿರಲಿ ಎಂದು. ಅದೇ ಊರಿನಿಂದ ರಾಯಚೂರಿನ ಕಾಲೇಜಿಗೆ ಬಸ್ಸು ಹತ್ತುವ ಅವನ ಮಗಳೂ ಕಿವಿಗೆ ಬೆಣೆಯಂತಹುದನ್ನೇ ಧರಿಸುತ್ತಾಳೆ. ಶಬ್ದ ಒಳಗೆ ಬರಲಿ ಎಂದು! ತಂದೆಯ ಕಿವಿಗೆ ಕಾರ್ಖಾನೆಯ ಕಾನೂನು ಕಾವಲಾಗಿದೆ. ಮಗಳ ಕಿವಿಗೆ ಅವಳ ಹೆಬ್ಬೆರಳೇ ಕಾವಲು. ಆ ಹೆಬ್ಬೆರಳಿಗೆ ತುಸು ವಿಜ್ಞಾನವನ್ನು ಕಲಿಸಬೇಕೆಂಬುದೇ ನನ್ನ ಮತ.

ನೂರಿನ್ನೂರು ರೂಪಾಯಿಗೆ ದೊರೆಯುವ ತಂತಿಯ ಇಯರ್‌ಫೋನನ್ನು ಹೀಗಳೆಯಬೇಕಾಗಿಲ್ಲ. ಬಡ ವಿದ್ಯಾರ್ಥಿಗೂ ಪಾಠವನ್ನು ಕಿವಿಯ ಬಳಿಗೆ ತಂದುಕೊಡುವ ಉಪಕರಣವದು. ಅದರ ರಚನೆಯೂ ಜಾಣತನದ್ದೇ. ಫೋನಿಗೆ ಸಿಕ್ಕಿಸುವ 3.5 ಮಿ.ಮೀ. ದಪ್ಪದ ಕಡ್ಡಿಯಲ್ಲಿ ನಾಲ್ಕು ಲೋಹದ ಭಾಗಗಳಿವೆ: ಎಡಗಿವಿಗೊಂದು, ಬಲಗಿವಿಗೊಂದು, ಮೈಕಿಗೊಂದು, ಮೂರಕ್ಕೂ ಸಾಮಾನ್ಯವಾದ ಮರುದಾರಿಯೊಂದು. ಹಾಗಾದರೆ ಗುಂಡಿಗಳಿಗೆ ತಂತಿಯೆಲ್ಲಿ? ಅವು ಮೈಕಿನ ತಂತಿಯನ್ನೇ ಹಂಚಿಕೊಳ್ಳುತ್ತವೆ. ನಡುಗುಂಡಿಯನ್ನು ಒತ್ತಿದರೆ ಆ ತಂತಿ ಮರುದಾರಿಯೊಡನೆ ನೇರವಾಗಿ ಕೂಡುತ್ತದೆ. ಧ್ವನಿಯನ್ನು ಏರಿಸುವ ಮತ್ತು ಇಳಿಸುವ ಗುಂಡಿಗಳು ಅವುಗಳ ನಡುವೆ ಬೇರೆಬೇರೆ ಪ್ರಮಾಣದ ವಿದ್ಯುತ್ ರೋಧವನ್ನು ತಂದಿಡುತ್ತವೆ. ಈ ವ್ಯತ್ಯಾಸವನ್ನು ಅಳೆದು ಯಾವ ಗುಂಡಿಯೆಂಬುದನ್ನು ಫೋನು ಅರಿಯುತ್ತದೆ.

ತೊಂದರೆಯಿರುವುದು ಗುಂಡಿಯಲ್ಲಲ್ಲ, ಅದನ್ನು ಒತ್ತುವ ಅಭ್ಯಾಸದಲ್ಲಿ. ಅಗ್ಗದ ಇಯರ್‌ಫೋನು ಕಿವಿಗೆ ಬಿಗಿಯಾಗಿ ಕೂಡದಿದ್ದರೆ ಬಸ್ಸಿನ ಗದ್ದಲ ಒಳನುಗ್ಗುತ್ತದೆ. ಅದನ್ನು ಮೀರಿಸಲೆಂದು ನಾವು ಧ್ವನಿಯನ್ನು ಏರಿಸುತ್ತೇವೆ. ಗದ್ದಲವನ್ನು ಗದ್ದಲದಿಂದ ಗೆಲ್ಲುವ ಈ ಉಪಾಯಕ್ಕೆ ಬೆಲೆ ತೆರುವುದು ಕಿವಿಯೇ. ಧ್ವನಿ 3 ಡೆಸಿಬಲ್ ಏರಿದರೆ ಅದರ ಶಕ್ತಿ ಇಮ್ಮಡಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ಲಿನ ಧ್ವನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ಲಾದರೆ 4 ಗಂಟೆ. 100 ಆದರೆ ಸುಮಾರು 20 ನಿಮಿಷ ಮಾತ್ರ!

ಒಳಗಿವಿಯ ಶಂಖಾಕಾರದ ಸುರುಳಿಯಲ್ಲಿ ಸುಮಾರು 15,000 ರೋಮಕೋಶಗಳಿವೆ. ಮನುಷ್ಯರಲ್ಲಿ ಇವು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. 'ನನಗೆ ಚೆನ್ನಾಗಿಯೇ ಕೇಳಿಸುತ್ತಿದೆಯಲ್ಲ' ಎಂದು ನೀವು ಹೇಳಬಹುದು. ಆದರೆ ಶಬ್ದದಿಂದಾಗುವ ಕಿವುಡು ಸಾಮಾನ್ಯವಾಗಿ ಎತ್ತರದ ಸ್ವರಗಳಲ್ಲಿ ಮೊದಲಾಗಿ ಮೆಲ್ಲಮೆಲ್ಲನೆ ಹಬ್ಬುವುದರಿಂದ ನಷ್ಟವಾದದ್ದು ಬಹುಕಾಲ ತಿಳಿಯುವುದೇ ಇಲ್ಲ.

ಕೇಳಿದ ಧ್ವನಿಯ ಲೆಕ್ಕವನ್ನಿಟ್ಟು ಎಚ್ಚರಿಸುವ ಫೋನುಗಳು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ 2019ರಲ್ಲಿ ಸಾರಿದುವು. ಒಳ್ಳೆಯದೇ. ಆದರೆ ಫೋನಿಗೆ ಗೊತ್ತಿರುವುದು ತಾನು ಕಳುಹಿಸಿದ ವಿದ್ಯುತ್ತಿನ ಪ್ರಮಾಣ. ಅದು ಎಷ್ಟು ಧ್ವನಿಯಾಗಿ ಮಾರ್ಪಡುವುದೆಂಬುದು ಇಯರ್‌ಫೋನಿನ ಗುಣವನ್ನು ಅವಲಂಬಿಸಿದೆ. ಆದುದರಿಂದ, ಎಷ್ಟು ವಿದ್ಯುತ್ತಿಗೆ ಎಷ್ಟು ಡೆಸಿಬಲ್ ಎಂಬುದನ್ನು ಅತ್ಯಂತ ಅಗ್ಗದ ಇಯರ್‌ಫೋನಿನ ಪೆಟ್ಟಿಗೆಯ ಮೇಲೂ ಪರೀಕ್ಷಿಸಿ ನಮೂದಿಸುವುದು ಕಡ್ಡಾಯವಾಗಬೇಕು. ಹೆಚ್ಚು ಬೆಲೆ ಕೊಟ್ಟವನ ಕಿವಿ ಮಾತ್ರ ಬೆಲೆಯುಳ್ಳದ್ದಲ್ಲವಷ್ಟೆ?

ಅಲ್ಲಿಯವರೆಗೆ ವಿದ್ಯಾರ್ಥಿಗಳು ಒಂದು ಕಟ್ಟಳೆಯನ್ನು ತಾವೇ ಹಾಕಿಕೊಳ್ಳಲಿ. ಧ್ವನಿ ಗರಿಷ್ಠದ ನೂರರಲ್ಲಿ ಅರುವತ್ತು ಪಾಲನ್ನು ಮೀರದಿರಲಿ. ಅಷ್ಟರಲ್ಲಿ ಬಸ್ಸಿನೊಳಗೆ ಪಾಠ ಕೇಳಿಸದಿದ್ದರೆ ಇಯರ್‌ಫೋನನ್ನು ತೆಗೆದು ಜೇಬಿಗಿಡಲಿ, ಮನೆಯಲ್ಲಿ ಕೇಳಲಿ. ಯಂತ್ರದ ಬಳಿಗೆ ಹೋಗುವ ತಂದೆ ಎಷ್ಟು ಸಹಜವಾಗಿ ಕಿವಿಯನ್ನು ಮುಚ್ಚಿಕೊಳ್ಳುವನೋ ಅಷ್ಟೇ ಸಹಜವಾಗಿ ಬಸ್ಸು ಹತ್ತುವ ಮಗಳು ಧ್ವನಿಯನ್ನು ಇಳಿಸುವ ಗುಂಡಿಯನ್ನು ಒತ್ತಲಿ.